ನೀವು ನೋಡೇ ಇಲ್ಲದ ಜಾಹೀರಾತಿಗೆ ಚಿನ್ನದ ಪದಕ: ಆ್ಯಡ್ ಕ್ಲಬ್ ಪ್ರಶಸ್ತಿಗಳ ಒಳಗೆ ಏನು ನಡೆಯುತ್ತೆ?

(ಪಾಡ್‌ಕಾಸ್ಟ್‌ನ ಬರಹ ರೂಪ)

 

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಲಿಂಕ್ಡ್‌ಇನ್ ತೆಗೆದರೆ ವರ್ಷಕ್ಕೆ ಎರಡು ಮೂರು ಸಲ ಒಂದೇ ಥರದ ಫೋಟೋಗಳು ಸಾಲಾಗಿ ಬರ್ತವೆ. ಕಪ್ಪು ಟಿ-ಶರ್ಟ್, ಕೊರಳಲ್ಲಿ ಬ್ಯಾಡ್ಜ್, ಕೈಯಲ್ಲಿ ಭಾರವಾದ ಟ್ರೋಫಿ, ಹಿಂದೆ ಎಲ್‌ಇಡಿ ಪರದೆ. 'ನಮ್ಮ ಕ್ಯಾಂಪೇನ್‌ಗೆ ಚಿನ್ನ ಬಂತು' ಅಂತ ಬರೆದಿರ್ತಾರೆ. ಯಾವ ಕ್ಯಾಂಪೇನ್ ಅಂತ ನೋಡಿದರೆ, ಆ ಬ್ರ್ಯಾಂಡ್ ನಿಮಗೆ ಗೊತ್ತು, ಆ ಸೋಪು ನಿಮ್ಮ ಬಚ್ಚಲಲ್ಲೇ ಇದೆ. ಆದರೆ ಆ ಜಾಹೀರಾತನ್ನ ಮಾತ್ರ ನೀವು ಜನ್ಮದಲ್ಲಿ ನೋಡಿಲ್ಲ. ಟಿವಿಯಲ್ಲಿ ಇಲ್ಲ, ಯೂಟ್ಯೂಬಲ್ಲಿ ಇಲ್ಲ, ಮೆಜೆಸ್ಟಿಕ್‌ನ ಯಾವ ಹೋರ್ಡಿಂಗ್‌ನಲ್ಲೂ ಇಲ್ಲ.

ಹಾಗಾದರೆ ಅದು ಎಲ್ಲಿತ್ತು? ಅದಕ್ಕೆ ಪ್ರಶಸ್ತಿ ಕೊಟ್ಟೋರು ಯಾರು? ಕೊಟ್ಟಿದ್ದಾದರೂ ಯಾಕೆ? ಇವತ್ತಿನ ಕಥೆ ಅದೇ. ಜಾಹೀರಾತು ಕಂಪನಿಗೆ ಕೆಲಸಕ್ಕೆ ಹೋಗಬೇಕು ಅಂತಿರೋರು ಸ್ವಲ್ಪ ಗಮನ ಇಟ್ಟು ಕೇಳಿ. ನಿಮ್ಮ ಮೊದಲ ಕೆಲಸ, ಮೊದಲ ಸಂಬಳ ಏರಿಕೆ, ಇವೆರಡಕ್ಕೂ ಆ ಟ್ರೋಫಿಗೂ ನೇರ ನಂಟಿದೆ.

ಕ್ಲಬ್ ಅಂದರೆ ಯಾವ ಕ್ಲಬ್?

ಆ್ಯಡ್ ಕ್ಲಬ್ ಅಂದ ತಕ್ಷಣ ಇಸ್ಪೀಟು, ಟೆನಿಸ್ ಕೋರ್ಟು ನೆನಪಾಗಬಹುದು. ಅದಲ್ಲ. ಒಂದು ಊರಿನಲ್ಲಿ ಜಾಹೀರಾತು ಕೆಲಸ ಮಾಡೋ ಜನ ಸೇರಿ ಕಟ್ಟಿಕೊಂಡ ಸಂಘ ಇದು. ಕಾಪಿ ಬರೆಯೋರು, ಚಿತ್ರ ಬರೆಯೋರು, ಯಾವ ಚಾನೆಲ್‌ನಲ್ಲಿ ಎಷ್ಟು ಹೊತ್ತಿಗೆ ಜಾಹೀರಾತು ಹಾಕಬೇಕು ಅಂತ ಲೆಕ್ಕ ಹಾಕೋ ಮೀಡಿಯಾ ಪ್ಲ್ಯಾನರ್‌ಗಳು, ಪತ್ರಿಕೆ-ಟಿವಿಗಳಲ್ಲಿ ಜಾಗ ಮಾರೋರು, ದುಡ್ಡು ಕೊಡೋ ಬ್ರ್ಯಾಂಡ್‌ಗಳ ಮಾರ್ಕೆಟಿಂಗ್ ಮ್ಯಾನೇಜರ್‌ಗಳು, ಎಲ್ಲರೂ ಇರ್ತಾರೆ. ಮುಂಬೈನ ಕ್ಲಬ್ ಹುಟ್ಟಿದ್ದು 1954ರಲ್ಲಿ. ಬೆಂಗಳೂರು, ಚೆನ್ನೈ ಊರುಗಳಿಗೂ ಅವರವರದೇ ಕ್ಲಬ್ ಇದೆ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡ್ತೀನಿ. ಏಜೆನ್ಸಿಗಳ, ಅಂದರೆ ಕಂಪನಿಗಳ ಒಕ್ಕೂಟ ಬೇರೆ ಇದೆ. ಅದಕ್ಕೆ ಎಎಎಐ ಅಂತಾರೆ. ಸುಳ್ಳು ಜಾಹೀರಾತಿನ ಮೇಲೆ ದೂರು ಕೇಳೋ ಸಂಸ್ಥೆಯೂ ಬೇರೆ. ಅದು 1985ರಲ್ಲಿ ಶುರುವಾದ ಆಸ್ಕಿ. 'ಈ ಕ್ರೀಮ್ ಹಚ್ಚಿದರೆ ಏಳೇ ದಿನಕ್ಕೆ ಬೆಳ್ಳಗಾಗ್ತೀರಿ' ಅನ್ನೋ ಥರದ ಮಾತಿಗೆ ಸಿಟ್ಟು ಬಂದರೆ ನೀವು ದೂರು ಕೊಡಬೇಕಾದದ್ದು ಆಸ್ಕಿಗೆ, ಆ್ಯಡ್ ಕ್ಲಬ್‌ಗಲ್ಲ.

ಆದರೆ ಮಜಾ ನೋಡಿ, ಅಮೆರಿಕದಲ್ಲಿ ಇಂಥ ಕ್ಲಬ್‌ಗಳು ಒಂದಾಗಿ ದೊಡ್ಡದಾಗಿದ್ದರ ಹಿಂದೆ ಇದ್ದದ್ದು ಇದೇ ಸುಳ್ಳಿನ ಸಮಸ್ಯೆ. ಅಲ್ಲಿ 1905ರಲ್ಲಿ ಊರೂರಿನ ಆ್ಯಡ್ ಕ್ಲಬ್‌ಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಆಗ ಪತ್ರಿಕೆ ತುಂಬ ಸರ್ವರೋಗ ನಿವಾರಣೆ ಮಾಡೋ ಬಾಟಲಿ ಔಷಧಿಗಳದೇ ಜಾಹೀರಾತು. ಜನ ಜಾಹೀರಾತು ಅಂದರೇ ಮೋಸ ಅನ್ನೋ ಹಂತಕ್ಕೆ ಬಂದಿದ್ದರು. 1909ರಲ್ಲಿ ಕೋಕಾ-ಕೋಲಾ ಕಂಪನಿಯ ಸ್ಯಾಮ್ಯುಯೆಲ್ ಡಾಬ್ಸ್ ಈ ಒಕ್ಕೂಟದ ಅಧ್ಯಕ್ಷರಾದರು. 'ಜಾಹೀರಾತಿನಲ್ಲಿ ಸತ್ಯ' ಅನ್ನೋದನ್ನೇ ಚಳವಳಿ ಮಾಡಿದರು. ಊರಿನ ಕ್ಲಬ್‌ಗಳು ಕಾವಲು ಸಮಿತಿಗಳನ್ನ ಮಾಡಿ, ಸುಳ್ಳು ಜಾಹೀರಾತು ಕೊಡೋ ಅಂಗಡಿಗಳನ್ನ ಹಿಡಿಯತೊಡಗಿದವು. ಇವತ್ತು ಅಮೆರಿಕದಲ್ಲಿ ಅಂಗಡಿ ಮೇಲೆ ದೂರು ಕೊಡೋಕೆ ಜನ ನೆನೆಸೋ ಬೆಟರ್ ಬಿಸಿನೆಸ್ ಬ್ಯೂರೋ ಇದೆಯಲ್ಲ, ಅದು ಬೆಳೆದದ್ದು ಆ ಸಮಿತಿಗಳಿಂದಲೇ.

ಅಂದರೆ ಮೊದಲು ಕ್ಲಬ್‌ಗಳು ಸುಳ್ಳು ಹಿಡಿಯೋ ಕೆಲಸ ಮಾಡ್ತಿದ್ದವು. ಪ್ರಶಸ್ತಿ ಬಂದದ್ದು ಆಮೇಲೆ. ಇದನ್ನ ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ವರ್ಷಪೂರ್ತಿ ಕ್ಲಬ್‌ಗಳು ಏನೇನೋ ಮಾಡ್ತವೆ. ಸಂಜೆ ಹೊತ್ತು ಭಾಷಣ, ಕ್ವಿಜ್, ವಿದ್ಯಾರ್ಥಿಗಳಿಗೆ ಕಾರ್ಯಾಗಾರ, ವರ್ಷದ ಜಾಹೀರಾತುಗಳ ವಿಮರ್ಶೆ. ಇವೆಲ್ಲ ಸುದ್ದಿಯಾಗಲ್ಲ. ಆದರೆ ನನ್ನ ಕೇಳಿದರೆ ಹೊಸಬರಿಗೆ ಜಾಸ್ತಿ ಉಪಯೋಗ ಇರೋದು ಇಂಥ ಸಂಜೆಗಳಲ್ಲೇ. ಅಲ್ಲಿ ಟೀ ಕಪ್ ಹಿಡಿದುಕೊಂಡು ನಿಂತವರ ಪೈಕಿ ಒಬ್ಬರಾದರೂ ಮುಂದಿನ ತಿಂಗಳು ಟ್ರೇನಿ ಕಾಪಿರೈಟರ್‌ಗೆ ಹುಡುಕ್ತಿರ್ತಾರೆ.

ಸುದ್ದಿಯಾಗೋದು ಪ್ರಶಸ್ತಿ ರಾತ್ರಿ. ಮುಂಬೈ ಕ್ಲಬ್‌ನ ಆ್ಯಬಿ ಪ್ರಶಸ್ತಿ 1960ರ ದಶಕದಿಂದ ಇದೆ. ಎಎಎಐ 2006ರಲ್ಲಿ ಗೋವಾದಲ್ಲಿ ಗೋವಾಫೆಸ್ಟ್ ಅಂತ ಸಮಾವೇಶ ಶುರು ಮಾಡಿತು. 2008ರಲ್ಲಿ ಆ್ಯಬಿ ಅದರ ಜೊತೆ ಸೇರಿಕೊಂಡಿತು. ಅದೇ ಮುಂಬೈ ಕ್ಲಬ್ ಎಫೀ ಪ್ರಶಸ್ತಿಯ ಭಾರತದ ಆವೃತ್ತಿಯನ್ನೂ ನಡೆಸುತ್ತೆ, ಮೀಡಿಯಾ ಪ್ಲ್ಯಾನಿಂಗ್‌ಗೆ ಎಮ್ವೀಸ್ ಅಂತ ಬೇರೆ ಕೊಡುತ್ತೆ. ನಮ್ಮ ಬೆಂಗಳೂರಿನ ಆ್ಯಡ್ ಕ್ಲಬ್‌ನದು ಬಿಗ್ ಬ್ಯಾಂಗ್ ಪ್ರಶಸ್ತಿ.

ಅಮೆರಿಕದ ಪದ್ಧತಿ ಇನ್ನೂ ಅಚ್ಚುಕಟ್ಟು. 1960ರಲ್ಲಿ ಫ್ಲೋರಿಡಾದಲ್ಲಿ ಹುಟ್ಟಿದ ಆ್ಯಡಿ ಪ್ರಶಸ್ತಿ ಅಂತಿದೆ, ಈಗ ಅಮೆರಿಕನ್ ಅಡ್ವರ್ಟೈಸಿಂಗ್ ಅವಾರ್ಡ್ಸ್ ಅಂತಾರೆ. ಮೊದಲು ನಿಮ್ಮ ಊರಿನ ಕ್ಲಬ್‌ನಲ್ಲಿ ಗೆಲ್ಲಬೇಕು, ಆಮೇಲೆ ವಲಯ, ಕೊನೆಗೆ ರಾಷ್ಟ್ರ ಮಟ್ಟ. ನಮ್ಮ ಸ್ಕೂಲ್ ಕ್ರೀಡಾಕೂಟ ಇದ್ದ ಹಾಗೆ: ಹೋಬಳಿ, ತಾಲ್ಲೂಕು, ಜಿಲ್ಲೆ. ಸಣ್ಣ ಊರಿನ ಮೂರು ಜನರ ಏಜೆನ್ಸಿಗೂ ಮೊದಲ ಮೆಟ್ಟಿಲಲ್ಲಿ ಒಂದು ಅವಕಾಶ ಇರುತ್ತೆ.

ಎಂಟ್ರಿ ಹಾಕೋದು ಅಂದರೆ ಹೀಗೆ

ಸಿನಿಮಾ ಪ್ರಶಸ್ತಿ ಅಂದರೆ ಯಾರೋ ನೋಡಿ, ಮೆಚ್ಚಿ, ಕರೆದು ಕೊಡ್ತಾರೆ ಅಂತ ನಮಗೊಂದು ಕಲ್ಪನೆ ಇದೆ. ಜಾಹೀರಾತಲ್ಲಿ ಹಾಗಿಲ್ಲ. ನೀವೇ ಅರ್ಜಿ ಹಾಕಬೇಕು, ಪ್ರತಿ ಅರ್ಜಿಗೂ ಶುಲ್ಕ ಕಟ್ಟಬೇಕು. ಭಾರತದಲ್ಲಿ ಅದು ಸಾವಿರಗಳಲ್ಲಿ ಇರುತ್ತೆ. ಫ್ರಾನ್ಸ್‌ನ ಕಾನ್ ಲಯನ್ಸ್‌ನಲ್ಲಿ ಒಂದೊಂದಕ್ಕೆ ನೂರಾರು ಯೂರೋ.

ಮತ್ತೆ ಒಂದು ಜಾಹೀರಾತು ಅಂದರೆ ಒಂದೇ ಅರ್ಜಿ ಅಲ್ಲ. ಅದೇ ಕೆಲಸವನ್ನ ಫಿಲ್ಮ್ ವಿಭಾಗಕ್ಕೆ, ಸಂಗೀತಕ್ಕೆ, ಡಿಜಿಟಲ್‌ಗೆ, ಪಿಆರ್‌ಗೆ, 'ಸಮಾಜಕ್ಕೆ ಒಳಿತು' ವಿಭಾಗಕ್ಕೆ, ಹೀಗೆ ಐದಾರು ಕಡೆ ಹಾಕ್ತಾರೆ. ಪ್ರತಿಯೊಂದಕ್ಕೂ ಬೇರೆ ಬೇರೆ ದುಡ್ಡು. ಕಾನ್‌ಗೆ 2025ರಲ್ಲಿ 26 ಸಾವಿರಕ್ಕೂ ಹೆಚ್ಚು ಎಂಟ್ರಿ ಬಂದವು. ಗುಣಾಕಾರ ನೀವೇ ಮಾಡಿಕೊಳ್ಳಿ. ಕಾನ್ ನಡೆಸೋದು ಲಾಭಕ್ಕಾಗಿ ಇರೋ ಕಂಪನಿ. ಊರಿನ ಕ್ಲಬ್‌ಗಳ ಕಥೆ ಬೇರೆ. ಅವಕ್ಕೆ ಲಾಭದ ಮಾಲೀಕರಿಲ್ಲ, ಆದರೆ ಹಾಲ್ ಬಾಡಿಗೆ, ಊಟ, ಟ್ರೋಫಿ, ವರ್ಷಪೂರ್ತಿಯ ಕಾರ್ಯಕ್ರಮ ಎಲ್ಲಕ್ಕೂ ದುಡ್ಡು ಬರಬೇಕಾದದ್ದು ಎಂಟ್ರಿ ಶುಲ್ಕ, ಟಿಕೆಟ್ ಮತ್ತು ಪ್ರಾಯೋಜಕರಿಂದ. ಹಾಗಾಗಿ ವಿಭಾಗಗಳ ಸಂಖ್ಯೆ ಕಡಿಮೆ ಮಾಡಿ ಅಂತ ಯಾರಾದರೂ ಹೇಳಿದರೆ ಖಜಾಂಚಿಗೆ ನಿದ್ದೆ ಬರಲ್ಲ.

ದೊಡ್ಡ ಏಜೆನ್ಸಿಗಳಿಗೇ ಇದು ಹೊರೆ. 2017ರಲ್ಲಿ ಫ್ರಾನ್ಸ್ ಮೂಲದ ಪಬ್ಲಿಸಿಸ್ ಸಮೂಹ ಒಂದು ವರ್ಷ ಯಾವ ಪ್ರಶಸ್ತಿಗೂ ಅರ್ಜಿ ಹಾಕಲ್ಲ, ಆ ದುಡ್ಡನ್ನ ನಮ್ಮದೇ ಕೃತಕ ಬುದ್ಧಿಮತ್ತೆ ವೇದಿಕೆ ಕಟ್ಟೋಕೆ ಹಾಕ್ತೀವಿ ಅಂತ ಘೋಷಿಸಿಬಿಟ್ಟಿತು. ಜಯನಗರದ ಎರಡನೇ ಮಹಡಿಯಲ್ಲಿ ಎಂಟು ಜನ ಕೂತು ನಡೆಸೋ ಏಜೆನ್ಸಿಯ ಪಾಡು ಏನು ಹೇಳಿ. ಅವರು ಒಂದೋ ಎರಡೋ ಎಂಟ್ರಿ ಹಾಕಿ ದೇವರ ಮೇಲೆ ಭಾರ ಹಾಕ್ತಾರೆ. ಪಕ್ಕದ ದೊಡ್ಡ ಏಜೆನ್ಸಿ ನಲವತ್ತು ಹಾಕಿರುತ್ತೆ. ಕೊನೆಗೆ 'ವರ್ಷದ ಏಜೆನ್ಸಿ' ಪಟ್ಟ ಸಾಮಾನ್ಯವಾಗಿ ಒಟ್ಟು ಅಂಕದ ಲೆಕ್ಕದಲ್ಲಿ ಬರೋದ್ರಿಂದ ಅಲ್ಲಿ ಪ್ರತಿಭೆಯಷ್ಟೇ ಜೇಬೂ ಮುಖ್ಯ.

ಅರ್ಜಿಯ ಜೊತೆ ಹೋಗೋದು ಕೇಸ್ ಫಿಲ್ಮ್. ಎರಡು ನಿಮಿಷದ ವಿಡಿಯೊ. 'ಸಮಸ್ಯೆ ಇದಿತ್ತು, ನಮಗೆ ಈ ಐಡಿಯಾ ಹೊಳೀತು, ಹೀಗೆ ಮಾಡಿದ್ವಿ, ದೇಶವೇ ಮಾತಾಡಿತು' ಅಂತ. ಹಿನ್ನೆಲೆಯಲ್ಲಿ ಪಿಯಾನೋ, ಕೊನೆಗೆ ಡ್ರಮ್ಸ್, ಪರದೆ ತುಂಬ ದೊಡ್ಡ ದೊಡ್ಡ ಅಂಕಿ. ನೂರಾರು ಎಂಟ್ರಿ ನೋಡಬೇಕಾದ ತೀರ್ಪುಗಾರರಿಗೆ ಮೂಲ ಜಾಹೀರಾತಿಗಿಂತ ಈ ವಿಡಿಯೊನೇ ಮುಖ್ಯವಾಗಿಬಿಡುತ್ತೆ. ಅದಕ್ಕೇ ಕೆಲವು ಏಜೆನ್ಸಿಗಳಲ್ಲಿ ಕೇಸ್ ಫಿಲ್ಮ್ ಮಾಡೋದೇ ಒಂದು ಪ್ರತ್ಯೇಕ ಕಸುಬಾಗಿದೆ. ಈ ವಿಡಿಯೊದ ಬಗ್ಗೆ ಆಮೇಲೆ ಒಂದು ಕಥೆ ಹೇಳ್ತೀನಿ.

ಜೂರಿಯಲ್ಲಿ ಕೂರೋರೂ ಇದೇ ಉದ್ಯಮದವರು. ಬೇರೆ ಯಾರು ಕೂರ್ತಾರೆ? ತಮ್ಮ ಏಜೆನ್ಸಿಯ ಕೆಲಸ ಬಂದಾಗ ಅವರು ಮತ ಹಾಕೋ ಹಾಗಿಲ್ಲ. ಮೊದಲು ಶಾರ್ಟ್‌ಲಿಸ್ಟ್, ಆಮೇಲೆ ಚರ್ಚೆ, ಆಮೇಲೆ ಕಂಚು, ಬೆಳ್ಳಿ, ಚಿನ್ನ. ಎಲ್ಲಕ್ಕಿಂತ ಮೇಲೆ ಗ್ರ್ಯಾನ್ ಪ್ರೀ. ಯಾವ ಕೆಲಸವೂ ಆ ಮಟ್ಟಕ್ಕೆ ಇಲ್ಲ ಅನ್ನಿಸಿದರೆ ಒಂದು ವಿಭಾಗದಲ್ಲಿ ಚಿನ್ನವನ್ನೇ ಕೊಡದೆ ಇರೋದೂ ಉಂಟು. ಆ ರಾತ್ರಿ ಸಭಾಂಗಣದಲ್ಲಿ ಗೊಣಗಾಟ ಜಾಸ್ತಿ.

ಗೊಣಗಾಟ ಅಂದಾಗ ನೆನಪಾಯ್ತು. ಜಾಹೀರಾತು ಪ್ರಶಸ್ತಿಗಳ ಚರಿತ್ರೆಯಲ್ಲೇ ವಿಚಿತ್ರವಾದ ರಾತ್ರಿ 1991ರ ನ್ಯೂಯಾರ್ಕ್‌ನದು. ಕ್ಲಿಯೋ ಅಂತ ಪ್ರಶಸ್ತಿ, 1959ರಿಂದ ಇದ್ದದ್ದು, ಆ ಕಾಲಕ್ಕೆ ದೊಡ್ಡ ಹೆಸರು. ಜನ ಟಿಕೆಟ್ ಕೊಂಡು ಬಂದು ಕೂತರೆ ನಿರೂಪಕರೇ ಬರಲಿಲ್ಲ. ಕೊನೆಗೆ ಊಟದ ವ್ಯವಸ್ಥೆ ನೋಡಿಕೊಳ್ತಿದ್ದವನೇ ಮೈಕ್ ಹಿಡಿದ. ಗೆದ್ದವರ ಪಟ್ಟಿಯೇ ಸಿಗಲಿಲ್ಲ. ಸ್ವಲ್ಪ ಹೊತ್ತು ನೋಡಿದ ಸಭಿಕರು, ಸೂಟುಬೂಟು ಹಾಕಿದ ಕ್ರಿಯೇಟಿವ್ ಡೈರೆಕ್ಟರ್‌ಗಳು, ವೇದಿಕೆಗೆ ನುಗ್ಗಿ ಕೈಗೆ ಸಿಕ್ಕ ಟ್ರೋಫಿ ಎತ್ತಿಕೊಂಡು ಹೋದರು! ಗೆದ್ದಿದ್ದಾರೋ ಇಲ್ಲವೋ ಯಾರಿಗೆ ಬೇಕು. ಆ ವರ್ಷದ ಟಿವಿ ಜಾಹೀರಾತು ಪ್ರಶಸ್ತಿ ಸಮಾರಂಭ ರದ್ದಾಯಿತು. ಕ್ಲಿಯೋ ಆಮೇಲೆ ಬೇರೆಯವರ ಕೈಗೆ ಹೋಗಿ ಉಳಿದುಕೊಂಡಿತು, ಈಗಲೂ ಇದೆ.

ಚೆಂದವೋ, ಕೆಲಸ ಮಾಡಿತೋ?

ಪ್ರಶಸ್ತಿಗಳಲ್ಲಿ ಎರಡು ಜಾತಿ ಇವೆ. ಒಂದು, ಐಡಿಯಾ ಎಷ್ಟು ಹೊಸದು, ಎಷ್ಟು ಚೆಂದ ಅಂತ ನೋಡೋದು. ಆ್ಯಬಿ, ಕಾನ್, ಲಂಡನ್‌ನ ಡಿ ಆ್ಯಂಡ್ ಎಡಿ ಎಲ್ಲ ಮುಖ್ಯವಾಗಿ ಈ ಜಾತಿ. ಇನ್ನೊಂದು, ಆ ಜಾಹೀರಾತಿನಿಂದ ಮಾರಾಟ ಆಯ್ತಾ, ಜನರ ನಡವಳಿಕೆ ಬದಲಾಯ್ತಾ ಅಂತ ಕೇಳೋದು. ಅದೇ ಎಫೀ. 1968ರಲ್ಲಿ ನ್ಯೂಯಾರ್ಕ್‌ನ ಮಾರ್ಕೆಟಿಂಗ್ ವೃತ್ತಿಪರರ ಸಂಘ ಶುರು ಮಾಡಿದ್ದು. ಅಲ್ಲಿ ಅಂಕದ ಹಂಚಿಕೆ ಹೀಗಿದೆ: ಸವಾಲು ಮತ್ತು ಗುರಿ, ಒಳನೋಟ ಮತ್ತು ತಂತ್ರ, ಅದನ್ನ ಜಾರಿಗೆ ತಂದ ರೀತಿ, ಈ ಮೂರಕ್ಕೂ ಶೇ 23ರ ಚಿಲ್ಲರೆ. ಫಲಿತಾಂಶಕ್ಕೆ ಶೇ 30. ಅಂಕಿಅಂಶ ಕೊಟ್ಟರೆ ಎಲ್ಲಿಂದ ತಂದದ್ದು ಅಂತಲೂ ಬರೆಯಬೇಕು.

ಈ ಎರಡರ ನಡುವಿನ ಜಗಳ ಹಳೇದು. ನಮ್ಮ ದೇಶದ ದೊಡ್ಡ ಏಜೆನ್ಸಿಗಳಲ್ಲಿ ಒಂದಾಗಿದ್ದ ಲೋವೆ ಲಿಂಟಾಸ್, ಸಿನಿಮಾ ನಿರ್ದೇಶಕ ಆರ್. ಬಾಲ್ಕಿ ಅಲ್ಲಿ ಮುಖ್ಯಸ್ಥರಾಗಿದ್ದಾಗ, ಅನೇಕ ವರ್ಷ ಕ್ರಿಯೇಟಿವ್ ಪ್ರಶಸ್ತಿಗಳ ಕಡೆ ತಲೆ ಹಾಕಲಿಲ್ಲ. ಎಫೀಗೆ ಮಾತ್ರ ಹೋಗ್ತಿತ್ತು. ಸರ್ಫ್ ಎಕ್ಸೆಲ್‌ನ ಕಲೆ ಒಳ್ಳೆಯದು, ಟಾಟಾ ಟೀಯ ಜಾಗೋ ರೇ ಮಾಡಿದ ಏಜೆನ್ಸಿ ಅದು. ಅಂದರೆ ನಮ್ಮ ಅಮ್ಮಂದಿರಿಗೂ ಬಾಯಿಪಾಠ ಇರೋ ಜಾಹೀರಾತು ಮಾಡಿದವರು 'ನಮಗೆ ಆ ಟ್ರೋಫಿ ಬೇಡ' ಅಂದುಬಿಟ್ಟಿದ್ದರು. ಯಾಕೆ?

ಸ್ಕ್ಯಾಮ್ ಆ್ಯಡ್

ಯಾಕೆ ಅಂದರೆ ಇದಕ್ಕೆ. ಉದ್ಯಮದಲ್ಲಿ ಇದನ್ನ ಸ್ಕ್ಯಾಮ್ ಆ್ಯಡ್ ಅಂತಲೇ ಕರೀತಾರೆ, ಮುಚ್ಚುಮರೆ ಏನಿಲ್ಲ. ಗ್ರಾಹಕರಿಗೆ ತೋರಿಸೋಕಲ್ಲ, ಜೂರಿಗೆ ತೋರಿಸೋಕೆ ಅಂತಲೇ ಮಾಡಿದ ಜಾಹೀರಾತು. ಬ್ರ್ಯಾಂಡ್ ಕೇಳಿರಲ್ಲ. ಏಜೆನ್ಸಿಯವರೇ ಒಂದು ಐಡಿಯಾ ಮಾಡಿ, ಕ್ಲೈಂಟ್ ಕಡೆಯ ಯಾರೋ ಪರಿಚಯದವರಿಂದ 'ಓಕೆ' ಅನ್ನಿಸಿಕೊಂಡು, ಯಾರೂ ಓದದ ಪತ್ರಿಕೆಯ ಒಳಪುಟದಲ್ಲಿ ಒಂದು ದಿನ, ಇಲ್ಲ ನಡುರಾತ್ರಿ ಟಿವಿಯಲ್ಲಿ ಒಂದೇ ಒಂದು ಸಲ ಹಾಕಿಸ್ತಾರೆ. ದುಡ್ಡೂ ಏಜೆನ್ಸಿದೇ. 'ಪ್ರಕಟವಾಗಿದೆ' ಅನ್ನೋದಕ್ಕೆ ಪುರಾವೆ ಸಿಕ್ಕಿತಲ್ಲ, ಎಂಟ್ರಿ ಫಾರಂ ಜೊತೆ ಲಗತ್ತಿಸಿದರೆ ಆಯ್ತು.

ಇದರಲ್ಲಿ ಯಾರಿಗೆ ನಷ್ಟ, ಸುಮ್ಮನೆ ಒಂದು ಪೋಸ್ಟರ್ ತಾನೆ ಅನ್ನಬಹುದು. 2013ರ ಮಾರ್ಚ್ ನೆನಪಿಸಿಕೊಳ್ಳಿ. ದಿಲ್ಲಿಯ ನಿರ್ಭಯಾ ಪ್ರಕರಣ ನಡೆದು ಮೂರೇ ತಿಂಗಳು. ಅತ್ಯಾಚಾರದ ವಿರುದ್ಧ ಹೊಸ ಕಾನೂನು ಸಂಸತ್ತಿನಲ್ಲಿ ಪಾಸಾಗ್ತಾ ಇದೆ. ಅದೇ ವಾರಗಳಲ್ಲಿ ಜಾಹೀರಾತುಗಳ ಒಂದು ವೆಬ್‌ಸೈಟ್‌ನಲ್ಲಿ ಫೋರ್ಡ್ ಫಿಗೊ ಕಾರಿನ ಪೋಸ್ಟರ್‌ಗಳು ಕಾಣಿಸಿಕೊಂಡವು. ಒಂದರಲ್ಲಿ ಇಟಲಿಯ ಮಾಜಿ ಪ್ರಧಾನಿ ಬರ್ಲುಸ್ಕೋನಿಯ ವ್ಯಂಗ್ಯಚಿತ್ರ ಮುಂದಿನ ಸೀಟಿನಿಂದ ನಗ್ತಾ ಇದೆ. ಹಿಂದೆ ಡಿಕ್ಕಿಯಲ್ಲಿ ಕೈಕಾಲು ಕಟ್ಟಿ, ಬಾಯಿಗೆ ಬಟ್ಟೆ ತುರುಕಿದ ಮೂವರು ಹೆಣ್ಣುಮಕ್ಕಳು. ಡಿಕ್ಕಿ ದೊಡ್ಡದಿದೆ, ಚಿಂತೆಗಳನ್ನೆಲ್ಲ ಹಿಂದೆ ಬಿಡಿ ಅನ್ನೋ ಅರ್ಥದ ಸಾಲು.

ಜಗತ್ತೇ ಉಗಿಯಿತು. ಅದನ್ನ ಮಾಡಿದ್ದು ಜೆಡಬ್ಲ್ಯುಟಿ ಇಂಡಿಯಾದ ತಂಡ. ಆ ಪೋಸ್ಟರ್‌ಗಳು ನಿಜವಾದ ಜಾಹೀರಾತಾಗಿ ಎಲ್ಲೂ ಓಡಿರಲಿಲ್ಲ. ಗೋವಾಫೆಸ್ಟ್‌ನ ಆ್ಯಬಿಗೆ ಇವು ಹೋಗಿದ್ದವು, ಆಮೇಲೆ ವಾಪಸ್ ತೆಗೆದುಕೊಂಡರು ಅಂತ ಆಗ ವರದಿಯಾಯಿತು. ಫೋರ್ಡ್ ಕ್ಷಮೆ ಕೇಳಿತು, ಏಜೆನ್ಸಿಯ ಮಾತೃಸಂಸ್ಥೆ ಡಬ್ಲ್ಯುಪಿಪಿ ಕ್ಷಮೆ ಕೇಳಿತು, ಹಿರಿಯರು ಕೆಲಸ ಕಳೆದುಕೊಂಡರು. ಅದೇ ವರ್ಷ ಆ್ಯಬಿಯಲ್ಲಿ ಇನ್ನೂ ಕೆಲವು ಎಂಟ್ರಿಗಳ ಮೇಲೆ ದೂರು ಬಂದು, ಗೆದ್ದವರೂ ಕೆಲವು ಕೆಲಸಗಳನ್ನ ಹಿಂದಕ್ಕೆ ಪಡೆದರು. ಮುಂದಿನ ವರ್ಷ ಹಲವು ದೊಡ್ಡ ಏಜೆನ್ಸಿಗಳು ಆ ಕಡೆಗೇ ಬರಲಿಲ್ಲ.

ಇಲ್ಲಿ ನಾನು ಗಮನಿಸಿದ್ದು ಏನೆಂದರೆ, ಈ ಪೋಸ್ಟರ್ ನಿಜವಾದ ದಾರಿಯಲ್ಲಿ ಹೋಗಿದ್ದರೆ ಬದುಕ್ತಾನೇ ಇರಲಿಲ್ಲ. ನಿಜವಾದ ಜಾಹೀರಾತು ಅಂದರೆ ಕ್ಲೈಂಟ್‌ನ ಮಾರ್ಕೆಟಿಂಗ್ ತಂಡ ನೋಡುತ್ತೆ, ವಕೀಲರು ನೋಡ್ತಾರೆ, ಯಾರೋ ಒಬ್ಬರು 'ಇದೇನ್ರೀ ಇದು' ಅಂತ ಕೇಳ್ತಾರೆ. ಆ ಎಲ್ಲ ಬಾಗಿಲುಗಳನ್ನ ತಪ್ಪಿಸಿಕೊಂಡು ಹೋಗೋದಕ್ಕೇ ಸ್ಕ್ಯಾಮ್ ಅನ್ನೋದು. ಕ್ಲೈಂಟ್‌ಗಳು ಐಡಿಯಾ ಕೊಲ್ತಾರೆ ಅಂತ ಏಜೆನ್ಸಿ ಜನ ಬೈಕೊಳ್ತಾರಲ್ಲ, ಕೆಲವು ಐಡಿಯಾಗಳು ಸಾಯಬೇಕಾದವೇ.

ವಿದೇಶಗಳಲ್ಲೂ ಇದೇ ರೋಗ. 2009ರಲ್ಲಿ ಬ್ರೆಜಿಲ್‌ನ ಏಜೆನ್ಸಿಯೊಂದು 9/11 ದಾಳಿಯನ್ನ ಸುನಾಮಿಗೆ ಹೋಲಿಸಿ ಡಬ್ಲ್ಯುಡಬ್ಲ್ಯುಎಫ್ ಹೆಸರಲ್ಲಿ ಮಾಡಿದ ಜಾಹೀರಾತು ರಂಪವಾಯಿತು. ಆಗ ನ್ಯೂಯಾರ್ಕ್‌ನ ಒನ್ ಕ್ಲಬ್, ಅದೂ ಒಂದು ವೃತ್ತಿಪರರ ಕ್ಲಬ್ಬೇ, ಕಟ್ಟುನಿಟ್ಟಿನ ನಿಯಮ ತಂದಿತು. ಇಲ್ಲದ ಕ್ಲೈಂಟ್‌ಗೆ ಅಥವಾ ಒಪ್ಪಿಗೆ ಇಲ್ಲದೆ ಮಾಡಿದ ಜಾಹೀರಾತು ಕಳಿಸಿದರೆ ಏಜೆನ್ಸಿಗೆ ಐದು ವರ್ಷ ನಿಷೇಧ. ಬರೀ ಎಂಟ್ರಿ ಅರ್ಹತೆಗಾಗಿ ತಾನೇ ದುಡ್ಡು ಕೊಟ್ಟು ಒಂದು ಸಲ ಹಾಕಿಸಿದ್ದರೆ ಮೂರು ವರ್ಷ. ಒಪ್ಪಿಗೆ ಇಲ್ಲದ ಜಾಹೀರಾತಾದರೆ ಅದನ್ನ ಮಾಡಿದ ತಂಡದ ಸದಸ್ಯರಿಗೂ ನಿಷೇಧ, ಅವರು ಆಮೇಲೆ ಬೇರೆ ಏಜೆನ್ಸಿಗೆ ಹೋದರೂ. ಈ ಕೊನೆಯ ಭಾಗ ನೋಡಿ, ಅದು ಮುಟ್ಟೋದು ಇಪ್ಪತ್ತಮೂರು ವರ್ಷದ ಜೂನಿಯರ್ ಕಾಪಿರೈಟರ್‌ಗೂ. 'ಬಾಸ್ ಹೇಳಿದರು, ಬರೆದೆ' ಅನ್ನೋ ಉತ್ತರ ನಡೆಯಲ್ಲ.

ಇನ್ನು ಆಗ ಹೇಳ್ತೀನಿ ಅಂದಿದ್ದ ಕೇಸ್ ಫಿಲ್ಮ್ ಕಥೆ. 2025ರ ಜೂನ್‌ನಲ್ಲಿ ಕಾನ್‌ನಲ್ಲಿ ಬ್ರೆಜಿಲ್‌ನ ಡಿಎಂ9 ಏಜೆನ್ಸಿಗೆ ಕ್ರಿಯೇಟಿವ್ ಡೇಟಾ ವಿಭಾಗದ ಗ್ರ್ಯಾನ್ ಪ್ರೀ ಬಂತು. ಆಮೇಲೆ ನೋಡಿದರೆ ಆ ಕೇಸ್ ಫಿಲ್ಮ್‌ನಲ್ಲಿ ಕೃತಕ ಬುದ್ಧಿಮತ್ತೆ ಬಳಸಿ ತಿರುಚಿದ ದೃಶ್ಯಗಳು. ಸಿಎನ್‌ಎನ್ ಬ್ರೆಜಿಲ್‌ನ ಸುದ್ದಿ ತುಣುಕನ್ನೂ ಬದಲಾಯಿಸಿ ಹಾಕಿದ್ದರು. ಗ್ರ್ಯಾನ್ ಪ್ರೀ ವಾಪಸ್ ಹೋಯಿತು. ಏಜೆನ್ಸಿ ತನ್ನ ಇನ್ನೂ ಕೆಲವು ಎಂಟ್ರಿಗಳನ್ನ ಹಿಂತೆಗೆದುಕೊಂಡಿತು. ಮೊದಲು ಸುಳ್ಳು ಜಾಹೀರಾತು ಮಾಡಿ ಪ್ರಶಸ್ತಿ ತೆಗೆದುಕೊಳ್ತಿದ್ದರು, ಈಗ ಜಾಹೀರಾತು ಇರಬಹುದು, ಅದು ಮಾಡಿದ ಪರಿಣಾಮವೇ ಸುಳ್ಳು. ಹಿಡಿಯೋದು ಹೆಚ್ಚು ಕಷ್ಟ. ಊರಿನ ಕ್ಲಬ್‌ನ ತೀರ್ಪುಗಾರರು ಆಫೀಸ್ ಕೆಲಸ ಮುಗಿಸಿ ಬಂದು ಎಂಟ್ರಿ ನೋಡೋರು. ಅವರು ಪ್ರತಿ ಸುದ್ದಿ ತುಣುಕನ್ನ ಎಲ್ಲಿ ಪರೀಕ್ಷೆ ಮಾಡ್ತಾರೆ? ನೂರು ವರ್ಷದ ಹಿಂದಿನ ಆ ಕಾವಲು ಸಮಿತಿಗಳನ್ನ ಕ್ಲಬ್‌ಗಳು ಮತ್ತೆ ಮಾಡಿಕೊಳ್ಳಬೇಕೇನೋ. ಈ ಸಲ ಅಂಗಡಿಯವರ ಮೇಲಲ್ಲ, ತಮ್ಮದೇ ಸದಸ್ಯರ ಮೇಲೆ.

ಬೆಂಗಳೂರಿನ ಒಂದು ಗೆಲುವು, ಕನ್ನಡದ ಒಂದು ತೊಡಕು

ಇಷ್ಟೆಲ್ಲ ಕೇಳಿ ಪ್ರಶಸ್ತಿ ಅಂದರೇ ಬೋಗಸ್ ಅಂದುಕೊಳ್ಳಬೇಡಿ. 2022ರಲ್ಲಿ ಕಾನ್‌ನಲ್ಲಿ 'ವರ್ಷದ ಏಜೆನ್ಸಿ' ಆಗಿದ್ದು ಲಂಡನ್ನಿನದಲ್ಲ, ನ್ಯೂಯಾರ್ಕ್‌ನದಲ್ಲ. ನಮ್ಮ ಬೆಂಗಳೂರಿನ ಡೆಂಟ್ಸು ಕಚೇರಿ. ವೈಸ್ ವರ್ಲ್ಡ್ ನ್ಯೂಸ್‌ಗೆ ಅವರು ಮಾಡಿದ 'ಅನ್‌ಫಿಲ್ಟರ್ಡ್ ಹಿಸ್ಟರಿ ಟೂರ್' ಮೂರು ಗ್ರ್ಯಾನ್ ಪ್ರೀ ತಂದಿತು. ಐಡಿಯಾ ಕೇಳಿ: ಬ್ರಿಟಿಷ್ ಮ್ಯೂಸಿಯಂಗೆ ಹೋಗಿ, ಅಲ್ಲಿ ಇಟ್ಟಿರೋ ವಸ್ತುವಿನ ಕಡೆಗೆ ಮೊಬೈಲ್ ಹಿಡಿದರೆ, ಇನ್‌ಸ್ಟಾಗ್ರಾಂ ಫಿಲ್ಟರ್‌ನಲ್ಲಿ ಅದನ್ನ ಹೇಗೆ ಹೊತ್ತು ತಂದರು ಅನ್ನೋ ಕಥೆ ತೆರೆದುಕೊಳ್ಳುತ್ತೆ. ಹೇಳೋರು ಆ ವಸ್ತು ಯಾವ ನಾಡಿನದೋ ಆ ನಾಡಿನವರು. ನಮ್ಮ ಪಕ್ಕದ ಆಂಧ್ರದ ಅಮರಾವತಿ ಶಿಲ್ಪಗಳೂ ಅದರಲ್ಲಿದ್ದವು. ಮ್ಯೂಸಿಯಂನ ಅನುಮತಿ ಇಲ್ಲ, ಏನಿಲ್ಲ. ಮೂರರಲ್ಲಿ ಒಂದು ಗ್ರ್ಯಾನ್ ಪ್ರೀ ಬಂದದ್ದು ರೇಡಿಯೊ ಮತ್ತು ಆಡಿಯೊ ವಿಭಾಗದಲ್ಲಿ. ಕಿವಿಗೆ ಕೆಲಸ ಮಾಡೋ ನಮ್ಮಂಥವರಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ಹೆಮ್ಮೆ.

ಆದರೆ ಅದು ಇಂಗ್ಲಿಷ್ ಕೆಲಸ. ಕನ್ನಡದಲ್ಲಿ ಬರೆಯೋರಿಗೆ ಇಲ್ಲಿ ಒಂದು ನಿಜವಾದ ತೊಡಕಿದೆ. ಹೊರದೇಶದ ಜೂರಿಗೆ ಎಲ್ಲವನ್ನೂ ಇಂಗ್ಲಿಷ್‌ನಲ್ಲಿ ಕೊಡಬೇಕು, ಇಲ್ಲ ಸಬ್‌ಟೈಟಲ್ ಹಾಕಬೇಕು. ರಾಷ್ಟ್ರಮಟ್ಟದ ಜೂರಿಯಲ್ಲೂ ಕನ್ನಡ ಬರೋರು ಇರಬೇಕು ಅಂತೇನಿಲ್ಲ. ಚಿತ್ರದ ಮೇಲೆ ನಿಂತ ಐಡಿಯಾ ದಾಟಿ ಹೋಗುತ್ತೆ. ಮಾತಿನ ಮೇಲೆ ನಿಂತದ್ದು ಮುಗ್ಗರಿಸುತ್ತೆ. ಈಗ ಸರ್ಫ್ ಎಕ್ಸೆಲ್‌ನ ಸಾಲನ್ನೇ ತಗೊಳ್ಳಿ. ಹಿಂದಿಯಲ್ಲಿ ದಾಗ್ ಅಂದರೆ ಬಟ್ಟೆ ಮೇಲಿನ ಗುರುತು. ಕನ್ನಡಕ್ಕೆ ಬಂದಾಗ ಅದು 'ಕಲೆ' ಆಯ್ತು. ಕಲೆ ಅಂದರೆ ಕೊಳೆಯ ಗುರುತೂ ಹೌದು, ಚಿತ್ರ-ನಾಟಕ-ಸಂಗೀತವೂ ಹೌದು. ಅನುವಾದದಲ್ಲಿ ಮೂಲಕ್ಕಿಂತ ಒಂದು ಅರ್ಥ ಹೆಚ್ಚಾಗಿ ಬಂದಿದೆ! ಇದನ್ನ ಸಬ್‌ಟೈಟಲ್‌ನಲ್ಲಿ ಹೇಗೆ ಹೇಳ್ತೀರಿ? ವಿವರಿಸೋಕೆ ಹೋದರೆ ಸತ್ತೇಹೋಗುತ್ತೆ.

ಅದರ ಮೇಲೆ, ಕನ್ನಡದಲ್ಲಿ ನಾವು ಕೇಳೋ ಎಷ್ಟೋ ಜಾಹೀರಾತು ಕನ್ನಡದಲ್ಲಿ ಹುಟ್ಟಿದ್ದೇ ಅಲ್ಲ. ಮುಂಬೈಯಲ್ಲಿ ಹಿಂದಿಯಲ್ಲಿ ಶೂಟ್ ಆಗಿ, ತುಟಿ ಅಲುಗಿದ ಅಳತೆಗೆ ಕನ್ನಡ ಪದ ತುಂಬಿಸಿದ್ದು. ಆ ಕನ್ನಡ ಬರೆದವರ ಹೆಸರು ಪ್ರಶಸ್ತಿಯ ಕ್ರೆಡಿಟ್ ಪಟ್ಟಿಯಲ್ಲಿ ಹುಡುಕಿದರೂ ಸಿಗೋದು ಅಪರೂಪ. ಇಂಥ ಕಡೆ ಊರಿನ ಕ್ಲಬ್‌ಗೆ ಒಂದು ದೊಡ್ಡ ಅವಕಾಶ ಇದೆ ಅಂತ ನನಗನ್ನಿಸುತ್ತೆ. ಕನ್ನಡ ಮನೆಮಾತಿನ ಜೂರಿ ಕೂರಿಸಿ, ಕನ್ನಡದಲ್ಲೇ ಹುಟ್ಟಿದ ಕೆಲಸವನ್ನ ಅನುವಾದ ಇಲ್ಲದೆ ಕೇಳೋದು ಕಾನ್‌ನವರ ಕೈಲಿ ಆಗಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರ ಕೈಲಿ ಆಗುತ್ತೆ.

ನೀವು ಈ ಕೆಲಸಕ್ಕೆ ಬರೋರಾದರೆ

ಪ್ರಶಸ್ತಿ ಯಾಕೆ ಬೇಕು ಅನ್ನೋದಕ್ಕೆ ಉದ್ಯಮದ ಉತ್ತರ ನೇರ. ಕಾಪಿರೈಟರ್ ಒಳ್ಳೆಯವನೋ ಅಲ್ಲವೋ ಅಂತ ಅಳೆಯೋಕೆ ಎಂಜಿನಿಯರಿಂಗ್ ಥರ ಪರೀಕ್ಷೆ ಇಲ್ಲ. ಹಾಗಾಗಿ ಟ್ರೋಫಿಯೇ ಮಾರ್ಕ್ಸ್ ಕಾರ್ಡ್. ಕೆಲಸ ಬದಲಿಸುವಾಗ ಅದರ ಮೇಲೇ ಸಂಬಳದ ಮಾತು. ಸ್ಕ್ಯಾಮ್‌ಗೆ ಬೇರು ಸಿಗೋದೂ ಇಲ್ಲೇ.

ಹೊಸಬರಿಗೆ ಪ್ರಾಮಾಣಿಕವಾದ ದಾರಿಗಳೂ ಇವೆ. ಕಾಲೇಜಿನಲ್ಲಿ ಇರೋರಿಗೆ ಡಿ ಆ್ಯಂಡ್ ಎಡಿಯ ನ್ಯೂ ಬ್ಲಡ್ ಸ್ಪರ್ಧೆಯಲ್ಲಿ ನಿಜವಾದ ಬ್ರ್ಯಾಂಡ್‌ಗಳೇ ಸಮಸ್ಯೆ ಕೊಡ್ತವೆ. ಕೆಲಸಕ್ಕೆ ಸೇರಿದ ಮೇಲೆ, ಮೂವತ್ತರ ಒಳಗಿನವರಿಗೆ ಯಂಗ್ ಲಯನ್ಸ್: ಇಬ್ಬರ ತಂಡ, ಕೈಗೆ ಒಂದು ಬ್ರೀಫ್, ವಿಭಾಗ ನೋಡಿಕೊಂಡು 24 ಅಥವಾ 48 ಗಂಟೆ. ಇಲ್ಲಿ ಯಾರೂ ಸುಳ್ಳು ಹೇಳೋ ಅಗತ್ಯವೇ ಇಲ್ಲ, ಎಲ್ಲರಿಗೂ ಗೊತ್ತು ಇದು ಸ್ಪರ್ಧೆಯ ಕೆಲಸ ಅಂತ. ನಿಮ್ಮ ಪೋರ್ಟ್‌ಫೋಲಿಯೋದಲ್ಲೂ ಹಾಗೇ. ಯಾರೂ ಕೇಳದೆ ನೀವೇ ಖುಷಿಗೆ ಮಾಡಿದ ಜಾಹೀರಾತಿದ್ದರೆ ಅದಕ್ಕೆ 'ಸ್ಪೆಕ್' ಅಂತ ಬರೆದು ಹಾಕಿ. ಅದು ತಪ್ಪಲ್ಲ, ಎಲ್ಲರೂ ಮಾಡ್ತಾರೆ. ಆ ಒಂದು ಪದ ಬಿಟ್ಟು, ಬ್ರ್ಯಾಂಡ್‌ನ ಲೋಗೊ ಹಾಕಿ ನಿಜವಾದದ್ದು ಅಂತ ತೋರಿಸಿದ ಕ್ಷಣದಿಂದ ಅದರ ಹೆಸರು ಬೇರೆ.

ಇಂಟರ್ನ್‌ಶಿಪ್‌ಗೆ ಹೋದಲ್ಲಿ ಪ್ರಶಸ್ತಿ ಎಂಟ್ರಿಯ ಗಡುವು ಹತ್ತಿರ ಬಂದಾಗ ನಿಮ್ಮ ಮೇಜಿಗೂ ಒಂದು ಕೆಲಸ ಬರುತ್ತೆ. ಆಗ ಸಂಕೋಚ ಬಿಟ್ಟು ಕೇಳಿ: 'ಸರ್, ಇದಕ್ಕೆ ಕ್ಲೈಂಟ್ ಬ್ರೀಫ್ ಇದೆಯಾ? ಎಲ್ಲಿ ಓಡಿತು? ಈ ನಂಬರ್ ಯಾರು ಕೊಟ್ಟಿದ್ದು?' ಉತ್ತರ ಇದ್ದರೆ ರಾತ್ರಿಯಿಡೀ ಕೂತು ಮಾಡಿ, ಕಲಿಯೋಕೆ ಅದಕ್ಕಿಂತ ಒಳ್ಳೆ ಅವಕಾಶ ಸಿಗಲ್ಲ. ಉತ್ತರದ ಬದಲು ನಗು ಬಂದರೆ, ಕ್ರೆಡಿಟ್ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರುತ್ತೆ ಅನ್ನೋದು ನೆನಪಿರಲಿ.

ಇವತ್ತಿಗೆ ಇಷ್ಟು. ನಿಮಗೆ ಬಾಯಿಪಾಠ ಇರೋ, ಕನ್ನಡದಲ್ಲೇ ಹುಟ್ಟಿದ ಒಂದು ಜಾಹೀರಾತಿನ ಸಾಲು ಯಾವುದು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಮುಂದಿನ ವಾರ ಸಿಗೋಣ.